ಒಂದೇ ಪೇಟಿಯಲ್ಲಿ ಇಡೀ ಮೇಳ

ಎಲೆಕ್ಟ್ರಾನಿಕ್ ಕೀಬೋರ್ಡ್ ಎಂಬ ವಾದ್ಯವು ಶಾಲೆಗಳ ಸಂಗೀತದ ಕೊಠಡಿಯನ್ನು ಪ್ರವೇಶಿಸಿದಂದಿನಿಂದ ಉಪಾಧ್ಯಾಯ ವರ್ಗದಲ್ಲಿಯೂ ಪಾಲಕರಲ್ಲಿಯೂ ಒಂದು ಆಕ್ಷೇಪವು ಆಗಾಗ ಕೇಳಿಬರುತ್ತದೆ. ಪ್ರಾರ್ಥನೆಗೂ ವಚನಗಾಯನಕ್ಕೂ ಒದಗಲೆಂದು ದಾನಿಗಳು ಕೊಟ್ಟ ವಾದ್ಯದ ಮೇಲೆ ಹುಡುಗರು ಹಳೆಯ ವಿಡಿಯೋ ಆಟಗಳ ಧಾಟಿಗಳನ್ನು ನುಡಿಸುತ್ತ ಕುಳಿತಿರುತ್ತಾರೆ. ಇದೂ ಒಂದು ಸಂಗೀತವೇ, ಇದರಿಂದ ಆಗುವ ಪ್ರಯೋಜನವೇನು ಎಂಬುದು ಆ ಆಕ್ಷೇಪದ ತಿರುಳು. ಆಕ್ಷೇಪಿಸುವವರ ಕಳಕಳಿ ಸಾಚಾ ಆದುದು. ಆದರೂ ಆ ಹುಡುಗರು ಕೈಹಾಕಿರುವ ಕೆಲಸವು ನಮ್ಮ ಸೀಮೆಗೆ ಹೊಸದಲ್ಲ. ಹಲವು ದನಿಗಳ ಒಂದು ಮೇಳವನ್ನು ಒಬ್ಬನೇ ನುಡಿಸುವ ಒಂದೇ ವಾದ್ಯಕ್ಕೆ ಇಳಿಸುವ ಈ ವಿದ್ಯೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟಿ ಮಾಸ್ತರರು ತಲೆಮಾರುಗಳಿಂದ ಬಲ್ಲರು. ಆ ವಿದ್ಯೆಯ ಸ್ವರೂಪವನ್ನು ಎರಡೂ ಕಡೆಯಿಂದ ನೋಡಿ ವಿವರಿಸುವುದೇ ಈ ಲೇಖನದ ಉದ್ದೇಶ.

ಹಾರ್ಮೋನಿಯಂ ಎಂಬ ವಾದ್ಯವನ್ನು ಪೇಟಿಯೆಂದು ಕರೆಯುವುದು ನಮ್ಮ ಕಡೆಯ ರೂಢಿ. ಇದು ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಎಂಬಾತನು ೧೮೪೨ರಲ್ಲಿ ಇದರ ಹಕ್ಕುಪತ್ರವನ್ನು ಪಡೆದನು. ಕಾಲಿನಿಂದ ತಿದಿಯೊತ್ತುವ ಆ ದೊಡ್ಡ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿಯು ಕಲಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಕೈಪೇಟಿಯು ದೇಶದಾದ್ಯಂತ ಹಬ್ಬಿತು. ನಾಟಕದ ಕಂಪನಿಗಳು ಮಾತ್ರ ಕಾಲಪೇಟಿಯನ್ನು ಬಹುಕಾಲ ಬಿಡಲಿಲ್ಲ. ಕಾರಣ ಸರಳವಾದುದು: ಕಾಲು ತಿದಿಯನ್ನು ನೋಡಿಕೊಂಡರೆ ಎರಡೂ ಕೈಗಳು ನುಡಿಸಲು ಬಿಡುವಾಗುತ್ತವೆ.

ಜಾತ್ರೆಯ ಊರಿನಲ್ಲಿ ಕಂಪನಿಯು ಮೊಕ್ಕಾಂ ಮಾಡಿದಾಗ ಪರದೆಯ ಮಗ್ಗುಲಲ್ಲಿ ಕುಳಿತ ಪೇಟಿ ಮಾಸ್ತರನ ಹೊಣೆ ಎಷ್ಟಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ನಾಂದಿಗೆ ಶ್ರುತಿ ಹಿಡಿಯುವವನು ಅವನು. ನಟನು ಪದವನ್ನು ಎತ್ತುವ ಮೊದಲೇ ಧಾಟಿಯ ಸುಳಿವನ್ನು ಕೊಡುವವನು ಅವನು. ನಟನ ಉಸಿರು ಕಡಿಮೆಯಾದಲ್ಲಿ ಆ ತೆರವನ್ನು ತುಂಬುವವನೂ ಅವನೇ. ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ಅದೇ ಪದವನ್ನು ಹಿಂದಿನ ಸಲಕ್ಕಿಂತ ಒಂದು ಮೆರುಗು ಹೆಚ್ಚಿಸಿ ನಡೆಸಬೇಕು. ತಬಲಾ ಒಂದನ್ನು ಬಿಟ್ಟರೆ ಉಳಿದ ಮೇಳವೆಲ್ಲ ಆ ಪೇಟಿಯೇ. ಇಂಥ ರಂಗಭೂಮಿಯ ಸಹವಾಸದಲ್ಲಿ ಬೆಳೆದ ಪೇಟಿಯು ಕ್ರಮೇಣ ಏಕವಾದನಕ್ಕೂ ಅರ್ಹವೆನಿಸಿತು. ಕೊಲ್ಲಾಪುರದ ಗೋವಿಂದರಾವ ಟೇಂಬೆಯವರು (೧೮೮೧–೧೯೫೫) ಈ ಹಾದಿಯಲ್ಲಿ ಮೊದಲಿಗರ ಸಾಲಿನವರು. ನಮ್ಮ ನಾಡಿನಲ್ಲಿ ಕಾಗವಾಡದಲ್ಲಿ ಜನಿಸಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆಯವರು (೧೯೧೭–೨೦೧೦) ಸಾಥಿಗೂ ಏಕವಾದನಕ್ಕೂ ಸಮಾನವಾಗಿ ಹೆಸರಾದರು. ಅವರ ಕೈಯಲ್ಲಿ ಕಲಿತವರು ಬಹು ಮಂದಿ.

ಇನ್ನು ವಿಡಿಯೋ ಆಟದ ಕಡೆಗೆ ತಿರುಗೋಣ. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಎಂಬ ಯಂತ್ರವನ್ನು ಹೊರತಂದಿತು. ಇದರ ನಕಲು ಯಂತ್ರಗಳೇ ೧೯೯೦ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಲ್ಲಿ ‘ಟಿ.ವಿ. ಗೇಮ್’ ಎಂಬ ಹೆಸರಿನಿಂದ ಮಾರಾಟವಾದುವು. ಇಂದಿನ ತರುಣ ಪಾಲಕರಲ್ಲಿ ಹಲವರು ಅದನ್ನು ಆಡಿಯೇ ಬೆಳೆದವರು. ಈ ಯಂತ್ರದ ಒಳಗೆ ನಾದವನ್ನು ಉತ್ಪಾದಿಸುವ ಭಾಗಕ್ಕೆ ಇದ್ದ ದನಿಗಳು ಐದೇ ಐದು. ಚೌಕಾಕಾರದ ಅಲೆಯ ಎರಡು ದನಿಗಳು, ತುಸು ಮೂಗಿನಿಂದ ನುಡಿದಂತೆ ಕೇಳಿಸುವಂಥವು, ಧಾಟಿಗೂ ಅದರ ಜೊತೆಗೂ ಸಲ್ಲುತ್ತಿದ್ದುವು. ತ್ರಿಕೋನಾಕಾರದ ಅಲೆಯ ಮೂರನೆಯ ದನಿಯು ಮಂದ್ರಕ್ಕೆ ಮೀಸಲು. ಅದರ ಸದ್ದನ್ನು ಏರಿಸಿ ಇಳಿಸುವ ಸೌಕರ್ಯವೂ ಇರಲಿಲ್ಲ. ನಾಲ್ಕನೆಯದು ಬುಸುಗುಡುವ ಬರಿಯ ಸದ್ದು. ತಾಳವಾದ್ಯದ ಕೆಲಸವೆಲ್ಲ ಅದರದೇ. ಐದನೆಯದು ಮುದ್ರಿಸಿಟ್ಟ ಧ್ವನಿಯ ಚಿಕ್ಕ ತುಣುಕುಗಳನ್ನು ನುಡಿಸಬಲ್ಲುದಾದರೂ ಅದಕ್ಕೆ ಬೇಕಾಗುವ ಸ್ಮೃತಿಸ್ಥಳವು ತುಟ್ಟಿಯಾದುದರಿಂದ ಅನೇಕ ಆಟಗಳು ಅದನ್ನು ಬಳಸಲೇ ಇಲ್ಲ.

ಈ ಬಡತನದಲ್ಲಿ ಸ್ವರರಚನೆಕಾರರು ತೋರಿದ ಜಾಣ್ಮೆ ಮೆಚ್ಚತಕ್ಕದ್ದು. ಮೂರು ಸ್ವರಗಳನ್ನು ಏಕಕಾಲಕ್ಕೆ ನುಡಿಸಲು ದನಿಗಳು ಸಾಲದಿದ್ದಾಗ ಒಂದೇ ದನಿಯಲ್ಲಿ ಆ ಮೂರನ್ನೂ ಒಂದರ ಹಿಂದೊಂದು ಅತಿ ವೇಗದಿಂದ ಓಡಿಸಿ, ಕೇಳುವವನಿಗೆ ಕೂಡುಸ್ವರದ ಭ್ರಮೆಯನ್ನು ಉಂಟುಮಾಡುತ್ತಿದ್ದರು. ಎರಡನೆಯ ಚೌಕ ದನಿಯಲ್ಲಿ ಮೊದಲನೆಯದರ ಧಾಟಿಯನ್ನೇ ಕ್ಷಣಮಾತ್ರ ತಡಮಾಡಿ ಮೆಲ್ಲಗೆ ನುಡಿಸಿದರೆ ದೊಡ್ಡ ಗುಡಿಯೊಳಗಿನ ಮಾರ್ದನಿಯಂತೆ ಕೇಳಿಸುತ್ತಿತ್ತು. ೧೯೮೫ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟಕ್ಕೆ ಕೋಜಿ ಕೊಂಡೊ ಎಂಬುವರು ಸಂಗೀತವನ್ನು ರಚಿಸಿದರು. ಚಿತ್ರ, ಚಲನೆ, ಸಂಗೀತ ಎಲ್ಲವೂ ಸೇರಿ ಆ ಆಟದ ತೂಕ ೪೦ ಕಿಲೋಬೈಟ್ ಮಾತ್ರ. ಇಂದು ಜೇಬಿನ ಫೋನಿನಲ್ಲಿ ತೆಗೆಯುವ ಒಂದು ಸಾಧಾರಣ ಛಾಯಾಚಿತ್ರವು ಇದರ ಹತ್ತಾರು ಪಾಲು ದೊಡ್ಡದು! ಅದೇ ಆಟದ ಮುಖ್ಯ ಧಾಟಿಯನ್ನು ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ೨೦೨೩ರಲ್ಲಿ ಸಂರಕ್ಷಣೆಗೆ ಯೋಗ್ಯವಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ವಿಡಿಯೋ ಆಟದ ಸಂಗೀತಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು.

ಸ್ಥಳ ಕಡಿಮೆಯಾದುದರಿಂದ ಧಾಟಿಗಳು ಚಿಕ್ಕವು. ಒಂದೆರಡು ನಿಮಿಷ ನಡೆದು, ಕೆಲವು ಸಲ ಅಷ್ಟೂ ನಡೆಯದೆ, ಮತ್ತೆ ಮೊದಲಿಗೆ ಬರುತ್ತವೆ. ಆಡುವವನು ನಿಲ್ಲಿಸುವವರೆಗೆ ಸುತ್ತುತ್ತಲೇ ಇರುತ್ತವೆ. ಗಂಟೆಗಟ್ಟಲೆ ಕೇಳಿದರೂ ಹುಡುಗನಿಗೆ ಅದು ಬೇಸರ ತರುವುದಿಲ್ಲವೇಕೆ? ಧಾಟಿ ಒಂದೇ ಆದರೂ ಕಣ್ಣಮುಂದೆ ನಡೆಯುವ ಆಟವು ಕ್ಷಣಕ್ಷಣಕ್ಕೂ ಬೇರೆಯಾಗುತ್ತಿರುತ್ತದೆ. ಹೊಂಡವನ್ನು ಹಾರಿದ, ಬಿದ್ದ, ಮತ್ತೆ ಎದ್ದ. ಮಾರಿಯೊ ಆಟದಲ್ಲಿ ಸಮಯದ ಎಣಿಕೆ ನೂರಕ್ಕಿಂತ ಕಡಿಮೆಯಾದೊಡನೆ ಅದೇ ಧಾಟಿಯು ವೇಗವನ್ನು ಹೆಚ್ಚಿಸಿಕೊಂಡು ಓಡುತ್ತದೆ. ನೀರೊಳಗೆ ಇಳಿದರೆ ಮೂರು ಮಾತ್ರೆಯ ತೂಗುಗತಿ ಬರುತ್ತದೆ. ಮರುಕಳಿಸುವ ಧಾಟಿಯನ್ನು ಹೊತ್ತು ನಡೆಸುವುದು ಧಾಟಿಯ ಹೊರಗಿನ ಒಂದು ಸಂಗಾತಿ. ಆ ಸಂಗಾತಿಯನ್ನು ತೆಗೆದು ಬರಿಯ ಧಾಟಿಯನ್ನು ಪಿಯಾನೊದ ಮೇಲೆ ಇಟ್ಟರೆ ಎರಡನೆಯ ಸುತ್ತಿಗೇ ಅದು ಸಪ್ಪೆಯಾಗುತ್ತದೆ. ಏಕವಾದನಕ್ಕೆ ಅಳವಡಿಸುವವನ ನಿಜವಾದ ಕಷ್ಟವು ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಸ್ವರಗಳನ್ನು ಕಂಡುಹಿಡಿಯುವುದು ಅದರ ಮುಂದೆ ಸುಲಭದ ಮಾತು. ಕಿವಿ ಚೆನ್ನಾಗಿರುವ ಹುಡುಗನು ಒಂದು ವಾರದಲ್ಲಿ ಅದನ್ನು ಸಾಧಿಸಿಯಾನು.

ಪಿಯಾನೊ ವಾದಕರು ಇದಕ್ಕೆ ಏನು ಮಾಡುತ್ತಾರೆ? ಎಡಗೈ ಮಂದ್ರದ ದನಿಯನ್ನು ಹಿಡಿಯುತ್ತದೆ, ಬಲಗೈಯ ಕಿರುಬೆರಳಿನ ಕಡೆಯ ಬೆರಳುಗಳು ಧಾಟಿಯನ್ನು ನುಡಿಸುತ್ತವೆ, ನಡುವಿನ ದನಿಯಲ್ಲಿ ಬಲಗೈಯ ಹೆಬ್ಬೆರಳಿಗೆ ಎಟುಕಿದಷ್ಟು ಉಳಿಯುತ್ತದೆ, ಎಟುಕದ್ದನ್ನು ಬಿಡಬೇಕು. ಏನನ್ನು ಬಿಡಬೇಕೆಂಬ ನಿರ್ಣಯದಲ್ಲಿಯೇ ವಾದಕನ ವಿವೇಕವು ಬಯಲಾಗುತ್ತದೆ. ಬುಸುಗುಡುವ ತಾಳದ ಸದ್ದಿಗೆ ಪಿಯಾನೊದಲ್ಲಿ ಸ್ವರವೇ ಇಲ್ಲ. ಆದುದರಿಂದ ಎಡಗೈ ಮಂದ್ರದಿಂದ ಮಧ್ಯಕ್ಕೆ ನೆಗೆದು ಮೊಟಕಾಗಿ ತಟ್ಟುತ್ತ ಆ ಪೆಟ್ಟನ್ನು ನೆನಪಿಗೆ ತರುತ್ತದೆ. ಯಂತ್ರದ ದನಿಯು ಎಷ್ಟು ಹೊತ್ತಾದರೂ ಒಂದೇ ಸಮನೆ ನಿಲ್ಲಬಲ್ಲುದು, ಪಿಯಾನೊದ ತಂತಿಯಾದರೋ ಹೊಡೆದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ದೀರ್ಘಸ್ವರ ಬಂದಲ್ಲಿ ಅದರ ಕೆಳಗೆ ಸ್ವರಗಳನ್ನು ಬಿಡಿಬಿಡಿಯಾಗಿ ಹರಿಯಬಿಟ್ಟು ನಾದವನ್ನು ಜೀವಂತವಾಗಿಡಬೇಕು. ಸುತ್ತು ಮರಳಿದಾಗ ಧಾಟಿಯನ್ನು ಒಂದು ಸ್ಥಾಯಿ ಕೆಳಗಿಳಿಸುವುದು, ವೇಗವನ್ನು ತಗ್ಗಿಸುವುದು, ಕೂಡುಸ್ವರಗಳನ್ನು ಮಾರ್ಪಡಿಸುವುದು, ಕಡೆಗೆ ಯಂತ್ರದಲ್ಲಿ ಇಲ್ಲದೇ ಇದ್ದ ಒಂದು ಮುಕ್ತಾಯವನ್ನು ತಾನೇ ಕಟ್ಟುವುದು, ಇವೆಲ್ಲ ಕಳೆದುಹೋದ ಸಂಗಾತಿಯ ಬದಲಿಗೆ ಕೊಟ್ಟವು. ಜಪಾನಿನಲ್ಲಿ ಇಂಥ ಅಳವಡಿಕೆಗಳು ಅಚ್ಚಾಗಿ ಬಂದು ಬಹಳ ಕಾಲವಾಯಿತು. ನೊಬುಒ ಉಎಮಾತ್ಸು ಅವರು ‘ಫೈನಲ್ ಫ್ಯಾಂಟಸಿ’ಯ ನಾಲ್ಕನೆಯ ಆಟಕ್ಕೆ ರಚಿಸಿದ ಸಂಗೀತದ ಪಿಯಾನೊ ರೂಪವು ೧೯೯೨ರಲ್ಲಿಯೇ ಹೊರಬಂದಿತ್ತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಬೀಸುವ ಕಲ್ಲಿನ ಪದಗಳ ಧಾಟಿಯೂ ಹೀಗೆಯೇ ಸುತ್ತುವಂಥದು. ಬಹುಮಟ್ಟಿಗೆ ನಾಲ್ಕೈದು ಸ್ವರಗಳ ಆವರಣದಲ್ಲಿ ಅದು ತಿರುಗುತ್ತದೆ. ತ್ರಿಪದಿಗೆ ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಉಳಿದುವು ವಿಷ್ಣುಗಣಗಳು ಎಂದು ಛಂದಸ್ಸಿನ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹಾಡುವುದರಿಂದ ಮೂರು ಸಾಲು ಕಿವಿಗೆ ನಾಲ್ಕಾಗಿ ಬೀಳುತ್ತದೆ. ಒಂದೇ ಧಾಟಿಯಲ್ಲಿ ಐವತ್ತು ತ್ರಿಪದಿಗಳು ಸಾಗಿದರೂ ಬೀಸುವವರಿಗೆ ಬೇಸರವಿಲ್ಲ. ಅಲ್ಲಿಯ ಸಂಗಾತಿ ಮಾತು: ತವರು, ತಾಯಿ, ಅಣ್ಣ, ತೊಟ್ಟಿಲು ಎಂದು ಒಂದೊಂದು ತ್ರಿಪದಿಗೂ ಬೇರೆ ಬೇರೆ ಲೋಕ. ಇನ್ನೊಂದು ಸಂಗಾತಿ ಕಲ್ಲು. ಗರಗರನೆ ತಿರುಗುವ ಅದರ ಸದ್ದು ಶ್ರುತಿಯೂ ಹೌದು, ತಾಳವೂ ಹೌದು. ಫ್ಯಾಮಿಕಾಮಿನ ನಾಲ್ಕನೆಯ ದನಿಯನ್ನು ಕೇಳಿದಾಗ ನನಗೆ ಮೊದಲು ನೆನಪಾದುದು ಅದೇ. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತ ಹಾಡುತ್ತಿದ್ದ ಹಂತಿಯ ಪದಗಳಲ್ಲಿಯಂತೂ ಸುತ್ತುವಿಕೆ ಕಣ್ಣಿಗೇ ಕಾಣುವಂಥದು.

ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆಗೆ ಸೇರಿತು. ರಾಶಿಯ ಯಂತ್ರ ಬಂದು ಹಂತಿ ನಿಂತಿತು. ಪದಗಳ ಮಾತು ಮಾತ್ರ ಬಹಳಷ್ಟು ಉಳಿದಿದ್ದರೆ ಅದಕ್ಕೆ ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಕಾರಣರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಆ ಬಳಗವು ೧೯೩೧ರಲ್ಲಿ ‘ಗರತಿಯ ಹಾಡು’, ೧೯೩೫ರಲ್ಲಿ ‘ಮಲ್ಲಿಗೆ ದಂಡೆ’ ಎಂಬ ಸಂಗ್ರಹಗಳನ್ನು ಬೆಳಕಿಗೆ ತಂದುದು ಕನ್ನಡಿಗರೆಲ್ಲರಿಗೂ ಸುವಿದಿತ. ಆದರೆ ಅವು ಪದಗಳ ಸಂಗ್ರಹಗಳು. ಧಾಟಿಯನ್ನು ಪುಸ್ತಕದಲ್ಲಿ ಹಿಡಿದಿಡುವ ಸಾಧನ ಅಂದು ಹಳ್ಳಿಯ ತರುಣರ ಕೈಯಲ್ಲಿ ಎಲ್ಲಿತ್ತು? ಹಾಡುವವರು ಮನೆಮನೆಯಲ್ಲಿಯೂ ಇದ್ದ ಕಾಲದಲ್ಲಿ ಅದರ ಅವಶ್ಯಕತೆ ತಟ್ಟುವಂತೆಯೂ ಇರಲಿಲ್ಲ. ಇಂದು ಪುಸ್ತಕವನ್ನು ತೆರೆದ ವಿದ್ಯಾರ್ಥಿಯು ತ್ರಿಪದಿಯನ್ನು ಗದ್ಯದಂತೆ ಓದಿ ಮುಗಿಸುತ್ತಾನೆ.

ಇದಕ್ಕೆ ತೀರ ವಿರುದ್ಧವಾದ ಒಂದು ಉದಾಹರಣೆಯು ವಿಡಿಯೋ ಆಟದ ಲೋಕದಲ್ಲಿಯೇ ದೊರೆಯುತ್ತದೆ. ರಷ್ಯದ ಕವಿ ನೆಕ್ರಾಸೊವ್ ೧೮೬೧ರಲ್ಲಿ ‘ಕೊರೊಬೆಯ್ನಿಕಿ’ ಎಂಬ ಕವಿತೆಯನ್ನು ಬರೆದನು. ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ ಅರಿವೆ ಮಾರುವ ವ್ಯಾಪಾರಿಗಳ ಕಥೆ ಅದು. ನಮ್ಮ ಸಂತೆಗಳಿಗೆ ಗಂಟು ಹೊತ್ತು ಬರುತ್ತಿದ್ದವರನ್ನು ನೆನೆದರೆ ಚಿತ್ರ ಸ್ಪಷ್ಟವಾದೀತು. ಆ ಕವಿತೆಯ ಮೊದಲ ಭಾಗವು ಜನಪದರ ಬಾಯಲ್ಲಿ ಹಾಡಾಗಿ ನಿಂತಿತು. ೧೯೮೯ರಲ್ಲಿ ನಿಂಟೆಂಡೊ ಸಂಸ್ಥೆಯು ಗೇಮ್ ಬಾಯ್ ಎಂಬ ಕೈಯಂತ್ರವನ್ನು ಹೊರತಂದಾಗ ಅದರ ‘ಟೆಟ್ರಿಸ್’ ಆಟಕ್ಕೆ ಹಿರೊಕಾಜು ತನಾಕಾ ಎಂಬುವರು ಈ ಧಾಟಿಯನ್ನು ನಾಲ್ಕು ದನಿಗಳಿಗೆ ಅಳವಡಿಸಿದರು. ಇಂದು ಆ ಧಾಟಿಯನ್ನು ಗುನುಗುನಿಸುವ ಜನರು ಜಗತ್ತಿನಲ್ಲೆಲ್ಲ ಇದ್ದಾರೆ. ಅವರಲ್ಲಿ ಬಹುತೇಕರಿಗೆ ವ್ಯಾಪಾರಿಯೂ ಗೊತ್ತಿಲ್ಲ, ಅವನಿಗಾಗಿ ಕಾಯುವ ಹುಡುಗಿಯೂ ಗೊತ್ತಿಲ್ಲ. ಅಲ್ಲಿ ಧಾಟಿ ಉಳಿದು ಮಾತು ಹೋಯಿತು. ಹಲಸಂಗಿಯಲ್ಲಿ ಮಾತು ಉಳಿದು ಧಾಟಿ ಹೋಗುವ ಹಂತಕ್ಕೆ ಬಂದಿದೆ. ಕೀಬೋರ್ಡಿನ ಮೇಲೆ ಟೆಟ್ರಿಸ್ ಧಾಟಿಯನ್ನು ಕಿವಿಯಿಂದಲೇ ಹಿಡಿದು ನುಡಿಸಬಲ್ಲ ಹುಡುಗನು ಅಜ್ಜಿಯ ಬೀಸುವ ಪದದ ಧಾಟಿಯನ್ನೂ ಹಿಡಿಯಬಲ್ಲನು. ಅದಕ್ಕೆ ಬೇಕಾದ ಕಿವಿಯೂ ಅಭ್ಯಾಸವೂ ಅವನಲ್ಲಿ ಆಗಲೇ ಇವೆ. ಆಕ್ಷೇಪಿಸುವ ಪಾಲಕರಿಗೆ ನಾನು ಹೇಳಬಯಸುವುದು ಇಷ್ಟೇ.

ತ್ರಿಪದಿಯನ್ನು ಪೇಟಿಗೆ ಇಳಿಸುವಾಗ ಬರುವ ತೊಡಕುಗಳನ್ನು ತುಸು ವಿವರಿಸುವುದು ಅವಶ್ಯ. ಪೇಟಿಯಲ್ಲಿ ಹಿತ್ತಾಳೆಯ ನಾಲಗೆಗಳು ಗಾಳಿಗೆ ಮಿಡಿದು ನುಡಿಯುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಿಗೆ ಅಲ್ಲಿ ಅವಕಾಶವಿಲ್ಲ. ಹಾಡುವವರ ಕೊರಳಾದರೋ ಜಾರುತ್ತಲೇ ನಡೆಯುವಂಥದು. ನುರಿತ ವಾದಕರು ಪಕ್ಕದ ಸ್ವರವನ್ನು ಕಣಮಾತ್ರ ಸೋಕಿಸಿ, ಅದೇ ಕ್ಷಣಕ್ಕೆ ತಿದಿಯ ಒತ್ತನ್ನು ಸಡಿಲಿಸಿ ಜಾರಿದ ಭಾವನೆಯನ್ನು ತರುತ್ತಾರೆ. ಎರಡನೆಯ ತೊಡಕು ಶ್ರುತಿಯದು. ಸಪ್ತಕವನ್ನು ೧,೨೦೦ ಭಾಗ ಮಾಡಿ ಅಳೆದರೆ ತಂಬೂರಿಯ ನಾದದೊಳಗಿನಿಂದ ಕೇಳಿಬರುವ ಶುದ್ಧ ಗಾಂಧಾರವು ಷಡ್ಜದಿಂದ ಸುಮಾರು ೩೮೬ ಭಾಗಗಳ ದೂರದಲ್ಲಿದೆ. ಹನ್ನೆರಡು ಸಮಪಾಲು ಮಾಡಿ ಕೂಡಿಸಿದ ಪೇಟಿಯ ಗಾಂಧಾರವು ೪೦೦ರಲ್ಲಿದೆ. ಈ ಹದಿನಾಲ್ಕು ಭಾಗಗಳ ಅಂತರವೇ ಆಕಾಶವಾಣಿಯ ಬಾಗಿಲನ್ನು ಪೇಟಿಗೆ ಮುಚ್ಚಿಸಿದ ವಾದಗಳಲ್ಲಿ ಮುಖ್ಯವಾದುದು. ೧೯೪೦ರ ಮಾರ್ಚಿನಿಂದ ಜಾರಿಗೆ ಬಂದ ಆ ನಿಷೇಧವು ಸಡಿಲವಾಗಲು ೧೯೭೧ರವರೆಗೆ ಕಾಯಬೇಕಾಯಿತು. ೧೯೫೦ರಲ್ಲಿ ಧಾರವಾಡದ ಕೇಂದ್ರವು ಆರಂಭವಾದಾಗಲೂ ಅದು ಜಾರಿಯಲ್ಲಿಯೇ ಇತ್ತು. ನಿಷೇಧವು ಅತಿರೇಕದ್ದೆಂದು ನಾನು ಭಾವಿಸುತ್ತೇನಾದರೂ ದೋಷವು ಇಲ್ಲವೆನ್ನಲಾಗದು. ಬೀಸುವ ಪದಗಳಲ್ಲಿ ಕೋಮಲವೂ ಅಲ್ಲದ ಶುದ್ಧವೂ ಅಲ್ಲದ ಗಾಂಧಾರವು ಬಂದಾಗ ಪೇಟಿಯು ಎರಡರಲ್ಲೊಂದನ್ನು ಆರಿಸಲೇಬೇಕು. ಅಂಥಲ್ಲಿ ಆ ಸ್ವರದ ಮೇಲೆ ನಿಲ್ಲದೆ ಸೋಕಿಸಿ ಮುಂದೆ ಸಾಗುವುದು ಲೇಸು. ಕಲ್ಲಿನ ಗರಗರದ ಬದಲಿಗೆ ಷಡ್ಜಪಂಚಮಗಳನ್ನು ಹಿಡಿದಿಟ್ಟು ತಿದಿಯನ್ನು ಬೀಸುವ ಗತಿಗೆ ಸರಿಯಾಗಿ ಒತ್ತಿದರೆ ಸುತ್ತುವಿಕೆಯ ಭಾವವು ತಕ್ಕಮಟ್ಟಿಗೆ ಮೂಡುತ್ತದೆ.

ಮಾತಿನ ಸ್ಥಾನವನ್ನು ತುಂಬುವುದೇ ಕಡೆಯ ಮತ್ತು ಹಿರಿಯ ತೊಡಕು. ಎರಡನೆಯ ಸುತ್ತನ್ನು ಮಂದ್ರಕ್ಕೆ ಇಳಿಸಬಹುದು, ಮರಳಿ ಹಾಡುವ ಭಾಗದಲ್ಲಿ ಅಲಂಕಾರವನ್ನು ಬದಲಿಸಬಹುದು. ತಾನುಗಳನ್ನು ಸುರಿಯುವುದು ಮಾತ್ರ ಸಲ್ಲದು. ನಾಲ್ಕೈದು ಸ್ವರಗಳ ಗುಡಿಸಲಿಗೆ ಅರಮನೆಯ ಕಂಬಗಳನ್ನು ನಿಲ್ಲಿಸಿದಂತಾಗುತ್ತದೆ. ವಚನಗಳ ವಿಷಯವಂತೂ ಬೇರೆ. ವಚನಕ್ಕೆ ತ್ರಿಪದಿಯಂತೆ ಹುಟ್ಟಿನಿಂದ ಬಂದ ಧಾಟಿ ಇಲ್ಲ. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ, ಬಸವರಾಜ ರಾಜಗುರು ಮೊದಲಾದ ಮಹನೀಯರು ಮಾತಿನ ಭಾವಕ್ಕೆ ತಕ್ಕ ರಾಗವನ್ನು ಆರಿಸಿ ಹಾಡಿ ತೋರಿಸಿದರು. ಮಾತನ್ನು ತೆಗೆದರೆ ಉಳಿಯುವುದು ಆ ರಾಗ, ವಚನವಲ್ಲ. ಆದುದರಿಂದ ವಚನವನ್ನು ಪೇಟಿಯ ಏಕವಾದನಕ್ಕೆ ಅಳವಡಿಸುವ ಪ್ರಯತ್ನವನ್ನು ನಾನು ಒಪ್ಪಲಾರೆ. ಹಾಡುವ ಮೊದಲು ರಾಗದ ಪೀಠಿಕೆಯಾಗಿ ನುಡಿಸಿದರೆ ಸಾಕು.

ಈ ಕಾರ್ಯವನ್ನು ಕೈಗೊಳ್ಳಬಯಸುವ ಶಿಕ್ಷಕರಿಗೆ ಕೆಲವು ಮಾತುಗಳು. ಹುಡುಗರು ಮೊದಲು ತಮಗೆ ಪ್ರಿಯವಾದ ಆಟದ ಧಾಟಿಯನ್ನೇ ತೆಗೆದುಕೊಳ್ಳಲಿ. ದನಿಗಳು ಮೂರು ನಾಲ್ಕೇ ಆದುದರಿಂದ ಒಂದೊಂದನ್ನು ಬಿಡಿಸಿ ಕೇಳಿ ಸ್ವರಲಿಪಿಯಲ್ಲಿ ಬೇರೆ ಬೇರೆ ಸಾಲಿಗೆ ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು. ಅನಂತರ ಮನೆಯ ಹಿರಿಯರಿಂದ ಒಂದು ಪದವನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬರಲಿ. ಹಾಡುವವರನ್ನು ಪೇಟಿಯ ಶ್ರುತಿಗೆ ಎಳೆಯಬಾರದು. ಅವರು ಹಿಡಿದ ಷಡ್ಜವು ಕರಿ ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ಬಿದ್ದರೆ ಬೀಳಲಿ, ಮುದ್ರಣವು ಹಾಗೆಯೇ ಇರಲಿ, ಲಿಪಿಯನ್ನು ಹತ್ತಿರದ ಷಡ್ಜಕ್ಕೆ ಬರೆದರಾಯಿತು. ಅಗ್ಗದ ಕೀಬೋರ್ಡುಗಳಲ್ಲಿ ಬೆರಳಿನ ಒತ್ತಿಗೆ ತಕ್ಕಂತೆ ಸದ್ದು ಹೆಚ್ಚುಕಡಿಮೆಯಾಗುವ ಸೌಕರ್ಯವಿರುವುದಿಲ್ಲ. ತ್ರಿಪದಿಗೆ ಅಂಥ ವಾದ್ಯಕ್ಕಿಂತ ಶಾಲೆಯ ಹಳೆಯ ಪೇಟಿಯೇ ಮೇಲು, ಅದರ ತಿದಿಯನ್ನು ದುರಸ್ತಿ ಮಾಡಿಸಿದರೆ. ಲಿಪಿಯ ಹಾಳೆಯ ತಲೆಯಲ್ಲಿ ಹಾಡಿದ ತಾಯಿಯ ಊರು, ಅವರು ಹಿಡಿದ ಷಡ್ಜ, ಬೀಸುವ ಪದವೋ ಸೋಬಾನೆಯೋ ಎಂಬುದು, ಮುದ್ರಿಸಿದ ದಿನಾಂಕ ಇವನ್ನು ಬರೆಯಬೇಕು. ಸ್ವರಗಳ ಕೆಳಗೆ ಮೊದಲ ತ್ರಿಪದಿಯ ಮಾತನ್ನು ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಮೂರು ಪ್ರತಿಗಳು ಬೇಕು: ಒಂದು ಶಾಲೆಯ ಗ್ರಂಥಾಲಯಕ್ಕೆ, ಒಂದು ನುಡಿಸುವ ಹುಡುಗನಿಗೆ, ಇನ್ನೊಂದು ಹಾಡಿದವರ ಮನೆಗೆ.